ಗಳಿಗೆಗೊಮ್ಮೆ ಬದಲಾಗುವ ನೆಟ್‌ವರ್ಕ್‌ಗೆ ಮಾಡೆಲ್ ಹೇಗೆ ಮಾಡುವುದು? ಅನುಭವ ಇದ್ದವರು ಹೇಳಿ

ಪ್ರಶ್ನೆ: ಎಂಟೆಕ್ ಪ್ರಾಜೆಕ್ಟ್‌ಗೆ ಮಲ್ಪೆಯ ಆಳಸಮುದ್ರ ಬೋಟ್‌ಗಳ ನಡುವೆ ಮೆಸೇಜ್ ದಾಟಿಸುವುದನ್ನು ಸಿಮ್ಯುಲೇಟ್ ಮಾಡುತ್ತಿದ್ದೇನೆ. ಬೋಟ್‌ಗಳು ಹತ್ತಿರ ಬಂದಾಗ ಮಾತ್ರ ಲಿಂಕ್. ಒಂದು ದಿನದ ಲಿಂಕ್‌ಗಳನ್ನೆಲ್ಲ ಸೇರಿಸಿ ಒಂದು ಗ್ರಾಫ್ (ಬೋಟ್‌ಗಳು ಬಿಂದು, ಲಿಂಕ್‌ಗಳು ಗೆರೆ) ಮಾಡಿದೆ, ಅದರಲ್ಲಿ ಎಲ್ಲಿಂದ ಎಲ್ಲಿಗೂ ದಾರಿ ಉಂಟು. ಆದರೆ ಎಷ್ಟೋ ಮೆಸೇಜ್ ತಲುಪುವುದೇ ಇಲ್ಲ. ಎಲ್ಲಿ ತಪ್ಪಿದೆ?

ಉತ್ತರ 1: ತಪ್ಪು ಆ ಸೇರಿಸಿದ ಗ್ರಾಫ್‌ನಲ್ಲೇ ಇದೆ ಮಾರಾಯ್ರೇ. ಯಾವ ಲಿಂಕ್ ಮೊದಲು, ಯಾವುದು ಆಮೇಲೆ ಅನ್ನುವುದು ಅದರಲ್ಲಿ ಅಳಿಸಿಹೋಗಿದೆ. ಕಾಗದದಲ್ಲಿ ಬರೆದು ನೋಡಿ. ಬೆಳಿಗ್ಗೆ 5ಕ್ಕೆ ಒಂದನೇ ಬೋಟ್‌ಗೆ ಎರಡನೇ ಬೋಟ್ ಸಿಕ್ಕಿತು, 7ಕ್ಕೆ ಎರಡನೆಯದು ದಕ್ಕೆಗೆ (ಬೋಟ್ ಕಟ್ಟುವ ಕಟ್ಟೆಗೆ) ಬಂತು. ಒಂದನೇ ಬೋಟ್‌ನ ಮೆಸೇಜ್ ದಕ್ಕೆ ಮುಟ್ಟುತ್ತದೆ. ದಕ್ಕೆಯಿಂದ ಅದಕ್ಕೆ ಉತ್ತರ ಹೋಗುವುದಿಲ್ಲ, ಯಾಕಂದರೆ 7ರ ಮೇಲೆ ಆ ಎರಡು ಬೋಟ್ ಮತ್ತೆ ಸೇರಲೇ ಇಲ್ಲ. ಎರಡೂ ಲಿಂಕ್ ಎರಡು ಕಡೆಗೂ ಕೆಲಸ ಮಾಡುತ್ತವೆ, ದಾರಿ ಮಾತ್ರ ಒಂದೇ ಕಡೆಗೆ. ಹಾಗಾಗಿ ಪ್ರತಿ ಲಿಂಕ್‌ಗೂ ಶುರುವಾದ ಹೊತ್ತು, ಮುಗಿದ ಹೊತ್ತು ಬರೆದಿಡಿ, ಹೊತ್ತು ಹಿಂದೆ ಹೋಗದ ದಾರಿಗಳನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಿ. ಇದಕ್ಕೆ ಟೈಮ್ ವೇರಿಯಿಂಗ್ ಗ್ರಾಫ್ ಅನ್ನುತ್ತಾರೆ, ಅಂಥ ದಾರಿಗೆ ಜರ್ನಿ ಅಂತ ಹೆಸರು. ಕಾಸ್ಟೆಗ್ಸ್, ಫ್ಲೋಕಿನಿ ಮತ್ತಿಬ್ಬರು 2012ರಲ್ಲಿ ಬರೆದ ಪೇಪರ್ ಇದೆ, ಅದನ್ನು ಓದದೆ ಮುಂದೆ ಹೋಗಬೇಡಿ.

ಇನ್ನೊಂದು, ಲಿಂಕ್ ಎಷ್ಟು ಹೊತ್ತು ಇತ್ತು ಅನ್ನುವುದನ್ನೂ ನೋಡಿ. ನಾನು ಮಂಗಳೂರಿನ ಸ್ಟೇಟ್‌ಬ್ಯಾಂಕ್ ಸ್ಟಾಪ್‌ನಿಂದ ಉಡುಪಿಗೆ ಹೋಗಿಬರುವ ಬಸ್‌ಗಳಲ್ಲಿ ಫೋನ್ ಇಟ್ಟು ಪ್ರಯೋಗ ಮಾಡಿದ್ದೆ. ಪಡುಬಿದ್ರಿ ದಾಟಿ ಹೆದ್ದಾರಿಯಲ್ಲಿ ಎರಡು ಬಸ್ ಎದುರುಬದುರಾದವು, ಲಾಗ್‌ನಲ್ಲಿ ಲಿಂಕ್ ಅಂತ ಬಂತು, ಆದರೆ ಫೋನ್‌ಗಳು ಒಂದನ್ನೊಂದು ಗುರುತು ಹಿಡಿಯುವಷ್ಟರಲ್ಲಿ ಬಸ್‌ಗಳು ದೂರ ಹೋಗಿದ್ದವು. ಡೇಟಾದ ಒಂದು ಪ್ಯಾಕೆಟ್ ಕೂಡ ದಾಟಲಿಲ್ಲ.

ಉತ್ತರ 2: ಥಿಯರಿ ಓದುವಾಗ ಊಹೆ ಯಾವುದು ಅಂತ ಮೊದಲು ನೋಡಿ. ಕುನ್, ಲಿಂಚ್, ಓಶ್ಮನ್ 2010ರ ಪೇಪರ್‌ನಲ್ಲಿ ಲಿಂಕ್‌ಗಳು ಎಷ್ಟೇ ಬದಲಾದರೂ ಪ್ರತಿ ಸುತ್ತಿನಲ್ಲೂ (ಎಲ್ಲರೂ ಒಮ್ಮೆ ಮೆಸೇಜ್ ಕಳಿಸುವ ಹೊತ್ತು) ನೆಟ್‌ವರ್ಕ್ ತುಂಡಾಗಿರುವುದಿಲ್ಲ. ಹಾಗಿದ್ದರೆ ಸುತ್ತಿಗೆ ಒಬ್ಬರಿಗಾದರೂ ಹೊಸದಾಗಿ ಸುದ್ದಿ ಮುಟ್ಟಲೇಬೇಕು, 20 ನೋಡ್ (ನಿಮ್ಮಲ್ಲಿ ಬೋಟ್ ಇದ್ದ ಹಾಗೆ) ಇದ್ದರೆ 19 ಸುತ್ತಿನಲ್ಲಿ ಎಲ್ಲರಿಗೂ. ತುಂಬಾ ಚಂದದ ಫಲಿತಾಂಶ. ಆದರೆ ಕಡಲಲ್ಲಿ ನಿಮ್ಮ ಬೋಟ್‌ಗಳು ಹಾಗೆ ಇರುವುದಿಲ್ಲ ಅಲ್ವಾ? ಅಲ್ಲಿ ಬೋಟ್ ಮೆಸೇಜನ್ನು ಇಟ್ಟುಕೊಂಡು, ಮುಂದೆ ಯಾರಾದರೂ ಸಿಕ್ಕಾಗ ಕೊಡಬೇಕು.

ಉತ್ತರ 3: ರ‍್ಯಾಂಡಮ್ ವೇಪಾಯಿಂಟ್ (ಪ್ರತಿ ನೋಡ್ ಯಾವುದೋ ಒಂದು ಜಾಗ, ಒಂದು ವೇಗ ಆರಿಸಿಕೊಂಡು ಅಲ್ಲಿಗೆ ಹೋಗಿ, ಮತ್ತೆ ಹಾಗೇ ಮಾಡುವ ಮಾಡೆಲ್) ಬಳಸುವುದಾದರೆ ಕನಿಷ್ಠ ವೇಗ ಸೊನ್ನೆ ಇಡಬೇಡಿ. ನಾನು ಇಟ್ಟು ಮೂರು ವಾರ ಕಳೆದುಕೊಂಡೆ. ಸಿಮ್ಯುಲೇಷನ್ ಉದ್ದವಾದಷ್ಟೂ ಫಲಿತಾಂಶ ಬೇರೆ ಬರುತ್ತಿತ್ತು. ಕೊನೆಗೆ ಒಂದು ರಾತ್ರಿ ಸರಾಸರಿ ವೇಗ ಪ್ರಿಂಟ್ ಮಾಡಿದೆ, ಅದು ಇಳಿಯುತ್ತಲೇ ಇತ್ತು. ತೀರಾ ನಿಧಾನದ ನೋಡ್‌ಗಳು ದಾರಿಯಲ್ಲೇ ಸಿಕ್ಕಿಕೊಳ್ಳುತ್ತವೆ, ದಿನ ಹೋದಂತೆ ಅಂಥವೇ ಜಾಸ್ತಿಯಾಗುತ್ತವೆ. 2003ರಲ್ಲೇ ಇದನ್ನು ಬರೆದಿದ್ದಾರೆ, ನನಗೆ ಗೊತ್ತಿರಲಿಲ್ಲ.

ನಿಜವಾದ ಡೇಟಾ ಸಿಕ್ಕಿದರೆ ಇನ್ನೂ ಒಳ್ಳೆಯದು. ಆದರೆ ಜೂನ್ 1ರಿಂದ ಜುಲೈ 31ರವರೆಗಿನದ್ದು ಬೇಡ. ಮೀನುಗಾರಿಕೆ ನಿಷೇಧದ ಆ 61 ದಿನ ಬೋಟ್‌ಗಳು ಬಂದರಿನಲ್ಲಿ ಒತ್ತೊತ್ತಾಗಿ ಕಟ್ಟಿರುತ್ತವೆ, ಪಕ್ಕಪಕ್ಕದವಕ್ಕೆಲ್ಲ ಲಿಂಕ್ ಬರುತ್ತದೆ. ಆಗಸ್ಟ್ ಆದ ಮೇಲೆ ತಾಂಡೇಲರ (ಬೋಟ್ ನಡೆಸುವವರ) ಹತ್ತಿರ ಜಿಪಿಎಸ್ ಟ್ರ್ಯಾಕ್ ಕೇಳಿ. ಮೀನು ಸಿಕ್ಕ ಜಾಗ ಅವರಿಗೆ ಗುಟ್ಟು, ಆ ಜಾಗ ಬೇಡ ಅಂತ ಮೊದಲೇ ಹೇಳಿಬಿಡಿ. ಯಾವ ಬೋಟ್ ಯಾವ ಹೊತ್ತಿಗೆ ಯಾವುದರ ಹತ್ತಿರ ಇತ್ತು ಅನ್ನುವಷ್ಟನ್ನೇ ಅವರ ಎದುರೇ ಲೆಕ್ಕ ಮಾಡಿಕೊಂಡು ಬನ್ನಿ.