2 ಲಕ್ಷ ಕಿಮೀ ದಾಟಿದ ಲಕ್ಸುರಿ ಎಸ್‌ಯುವಿ: ಮೆಕ್ಯಾನಿಕ್‌ಗೆ ಕೇಳಿ

ಕಾರವಾರದ ಸದಸ್ಯರು: ಅಣ್ಣಾ, ನಮ್ಮದು ಏರ್ ಸಸ್ಪೆನ್ಷನ್ (ಕಬ್ಬಿಣದ ಸ್ಪ್ರಿಂಗ್ ಬದಲು ಗಾಳಿ ತುಂಬಿದ ರಬ್ಬರ್ ಸ್ಪ್ರಿಂಗ್) ಇರುವ ಡೀಸೆಲ್ ಎಸ್‌ಯುವಿ. 2012ರ ಗಾಡಿ, 2,14,000 ಕಿಮೀ ಓಡಿದೆ. ಮನೆ ಸಮುದ್ರದ ಪಕ್ಕ. ಬೆಳಿಗ್ಗೆ ನೋಡಿದರೆ ಹಿಂದಿನ ಎಡಗಡೆ ಕುಸಿದಿರುತ್ತದೆ. ಸ್ಟಾರ್ಟ್ ಮಾಡಿದರೆ ತಾನೇ ಏಳುತ್ತದೆ. ವಾರಕ್ಕೊಮ್ಮೆ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಹೋಗುತ್ತೇನೆ. ಮಳೆಗಾಲ ಮುಗಿಯುವ ತನಕ ಹೀಗೇ ಓಡಿಸಬಹುದಾ?

ಮೆಕ್ಯಾನಿಕ್, ಕುಮಟಾ: ಬೇಡ. ಏಳುತ್ತದಲ್ಲಾ ಅಂತ ಸುಮ್ನೆ ಕೂರಬೇಡಿ. ಎಲ್ಲೋ ಗಾಳಿ ಸೋರುತ್ತಿದೆ. ಅದನ್ನು ತುಂಬಲು ಗಾಳಿ ಪಂಪು, ಅಂದರೆ ಕಂಪ್ರೆಸರ್, ಜಾಸ್ತಿ ಹೊತ್ತು ಓಡುತ್ತದೆ, ಬಿಸಿಯಾಗುತ್ತದೆ, ಒಂದು ದಿನ ಸುಟ್ಟೇ ಹೋಗುತ್ತದೆ. ಆಗ ಸ್ಪ್ರಿಂಗ್ ಜೊತೆ ಕಂಪ್ರೆಸರ್ ಖರ್ಚೂ ತಲೆ ಮೇಲೆ.

ಇವತ್ತೇ ನೋಡಿ. ಗಾಡಿ ಎದ್ದ ಮೇಲೆ ಇಂಜಿನ್ ಆಫ್ ಮಾಡಿ. ಬಾಟಲಿಯಲ್ಲಿ ಸೋಪು ನೀರು ತುಂಬಿ ಏರ್ ಸ್ಪ್ರಿಂಗಿನ ರಬ್ಬರ್ ಮಡಿಕೆಗೆ ಸಿಂಪಡಿಸಿ, ಟಾರ್ಚ್ ಬಿಡಿ. ಸಣ್ಣ ಗುಳ್ಳೆ ಸಾಲಾಗಿ ಎದ್ದರೆ ಅಲ್ಲೇ ಬಿರುಕು. ಗುಳ್ಳೆ ಏಳದಿದ್ದರೆ ಪೈಪ್ ಜಾಯಿಂಟ್, ಗಾಳಿ ಹಂಚುವ ವಾಲ್ವ್ ಬ್ಲಾಕ್ ನೋಡಬೇಕು. ಗಾಡಿ ಕೆಳಗೆ ಮಾತ್ರ ನುಗ್ಗಬೇಡಿ. ಗಾಳಿ ಇಳಿದರೆ ಎರಡು ಟನ್ ಮೈಮೇಲೆ ಬರುತ್ತದೆ.

ಬ್ರೇಕ್ ಆಯಿಲ್ ಯಾವಾಗ ಬದಲಿಸಿದ್ದು? ಅದು ಗಾಳಿಯ ತೇವ ಹೀರುತ್ತದೆ, ತೇವ ಸೇರಿದರೆ ಬೇಗ ಕುದಿಯುತ್ತದೆ. ಘಟ್ಟ ಇಳಿಯುವಾಗ ಕುದಿದರೆ ಪೆಡಲ್ ಮೆತ್ತಗಾಗಿ ಒಳಗೆ ಹೋಗುತ್ತದೆ. 2 ವರ್ಷಕ್ಕೊಮ್ಮೆ ಬದಲಿಸಲೇಬೇಕು.

ಶಿರಸಿಯ ಸದಸ್ಯರು: ಗೇರ್‌ಬಾಕ್ಸ್ ಆಯಿಲ್ ಜೀವನಪೂರ್ತಿ ಬರುತ್ತದೆ ಅಂತಾರಲ್ಲ?

ಮೆಕ್ಯಾನಿಕ್: ಇಲ್ಲ. ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಮಾಡುವ ಝಡ್‌ಎಫ್ ಕಂಪನಿಯೇ 80,000ದಿಂದ 1,20,000 ಕಿಮೀ ಅಥವಾ 8 ವರ್ಷಕ್ಕೆ ಬದಲಿಸಿ ಅನ್ನುತ್ತದೆ.

ಅಂಕೋಲಾದ ಸದಸ್ಯರು: ಫಾರ್ವರ್ಡ್ ಬಂದಿದೆ ನೋಡಿ. ಉಪ್ಪು ಗಾಳಿಗೆ ತುಕ್ಕು ಹಿಡಿಯದಂತೆ ಗಾಡಿಯ ಅಡಿಗೆ ಹಳೇ ಇಂಜಿನ್ ಆಯಿಲ್ ಬಳಿಯಿರಿ. ಇಂಜಿನ್ ಒಳಗೆ ಸೀಮೆಎಣ್ಣೆ ಹಾಕಿ ತೊಳೆಯಿರಿ.

ಮೆಕ್ಯಾನಿಕ್: ಎರಡೂ ಮಾಡಬೇಡಿ. ಆಯಿಲ್ ತಾಗಿದರೆ ಜಾಯಿಂಟಿನ ರಬ್ಬರ್ ಬುಷ್, ಏರ್ ಸ್ಪ್ರಿಂಗಿನ ರಬ್ಬರ್ ಉಬ್ಬಿ ಹಾಳಾಗುತ್ತದೆ. ಸೀಮೆಎಣ್ಣೆ ಆಯಿಲನ್ನು ತೆಳು ಮಾಡಿ ಬೇರಿಂಗ್ ತಿನ್ನುತ್ತದೆ. ಅಡಿಭಾಗವನ್ನು ಸಿಹಿನೀರಲ್ಲಿ ತೊಳೆಸಿ, ಸಾಕು.

ಅಂಕೋಲಾದ ಸದಸ್ಯರು: ನಮ್ಮಪ್ಪ 20 ವರ್ಷ ಜೀಪಿಗೆ ಬಳಿದಿದ್ದಾರೆ. ಏನೂ ಆಗಿಲ್ಲ.

ಹೊನ್ನಾವರದ ಸದಸ್ಯರು: ಜೀಪಿಗೆ ಇದ್ದದ್ದು ಕಬ್ಬಿಣದ ಪಟ್ಟಿಯ ಸ್ಪ್ರಿಂಗ್ ಮಾರಾಯ್ರೆ. ಗಾಳಿ ತುಂಬುವ ರಬ್ಬರ್ ಎಲ್ಲಿತ್ತು?

ಅಂಕೋಲಾದ ಸದಸ್ಯರು: ನಿಮ್ಮನ್ನು ಯಾರು ಕೇಳಿದರು?

ಶಿರಸಿಯ ಸದಸ್ಯರು: ಇಷ್ಟೆಲ್ಲ ತಾಪತ್ರಯ ಯಾಕೆ, ಫಾರ್ಚುನರ್ ತಗೊಳ್ಳಿ.

ಹೊನ್ನಾವರದ ಸದಸ್ಯರು: ಅದಕ್ಕೆ ತುಕ್ಕು ಹಿಡಿಯುವುದಿಲ್ವಾ?

ಯಲ್ಲಾಪುರದ ಸದಸ್ಯರು: ಮಳೆ ಬಂದರೆ ಕಾರ್ಪೆಟ್ ಒದ್ದೆ. ಯಾಕೆ?

ಮೆಕ್ಯಾನಿಕ್: ಮರದ ಕೆಳಗೆ ನಿಲ್ಲಿಸುತ್ತೀರಲ್ವಾ? ವೈಪರ್ ಕೆಳಗಿನ ಕಸ, ಎಲೆ ತೆಗೆದು ನೀರು ಇಳಿಯುವ ತೂತು ನೋಡಿ. ಕಾರ್ಪೆಟ್ ಎತ್ತಿ ಒಣಗಿಸಿ, ಅಡಿಯಲ್ಲಿ ವೈರಿಂಗ್ ಇರುತ್ತದೆ.

ಭಟ್ಕಳದ ಸದಸ್ಯರು: ಡಿಪಿಎಫ್ (ಡೀಸೆಲ್ ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಲೈಟ್ ಹತ್ತಿದೆ, ಏನು ಮಾಡಲಿ?

ಗೋಕರ್ಣದ ಸದಸ್ಯರು: ಗೇರ್‌ಬಾಕ್ಸ್ ಆಯಿಲ್ ಎಷ್ಟು ಕಿಮೀಗೆ ಬದಲಿಸಬೇಕು ಸರ್?

ಮೆಕ್ಯಾನಿಕ್: ಮೇಲೆ ಬರೆದಿದ್ದೇನೆ. ಓದಿ.

ಅಂಕೋಲಾದ ಸದಸ್ಯರು: ಮರ್ಯಾದೆಯಿಂದ ಉತ್ತರ ಕೊಡಲು ಆಗದಿದ್ದರೆ ಬಿಡಿ.

ಮೆಕ್ಯಾನಿಕ್: ನಿಮ್ಮ ಸೀಮೆಎಣ್ಣೆ ಮೆಸೇಜ್ ಮೊದಲು ಅಳಿಸಿ. ಯಾರಾದರೂ ನಂಬಿ ಹಾಕಿದರೆ ಇಂಜಿನ್ ಹೋಗುತ್ತದೆ.

ಕಾರವಾರದ ಸದಸ್ಯರು: ಅಣ್ಣಾ, ಸೋಪು ನೀರು ಹಾಕಿದೆ. ಕೆಳಗಿನ ಮಡಿಕೆಯಲ್ಲಿ ಗುಳ್ಳೆ ಬರುತ್ತಿದೆ. ಬ್ರೇಕ್ ಆಯಿಲ್ ಬದಲಿಸಿದ ನೆನಪೇ ಇಲ್ಲ.

ಮೆಕ್ಯಾನಿಕ್: ಈ ವಾರ ಶಿರಸಿಗೆ ಬಸ್ಸಲ್ಲಿ ಹೋಗಿ. ಗಾಡಿ ತೆಗೆಯಬೇಡಿ. ಸಂಜೆ ಫೋನ್ ಮಾಡಿ, ಸ್ಪ್ರಿಂಗ್ ತರಿಸೋಣ.