ಕೈಯೂ ಇಲ್ಲ, ನಾಲಿಗೆಯೂ ಇಲ್ಲ, ಈ ಹುಳ ಬೇಟೆ ಹಿಡಿಯೋದು ಯಾವುದರಿಂದ?

ತಾವರೆತೊಟ್ಟಿ:
ತಾವರೆ ತೊಟ್ಟಿ ತೊಳೆಯುವಾಗ ತಳದ ಕೆಸರಲ್ಲಿ ಮಣ್ಣುಬಣ್ಣದ ಹುಳವೊಂದು ಸಿಕ್ಕಿತು. ಆರು ಕಾಲು, ದಪ್ಪ ಹೊಟ್ಟೆ, ತಲೆಯ ಎರಡೂ ಪಕ್ಕ ಗುಂಡು ಕಣ್ಣು. ಗಾಜಿನ ಬಾಟಲಿಗೆ ಹಾಕಿ ನಾಲ್ಕು ಸೊಳ್ಳೆ ಮರಿ ಬಿಟ್ಟೆ. ಅರ್ಧ ಗಂಟೆ ಕಲ್ಲಿನ ಹಾಗೆ ಕೂತಿತ್ತು. ಒಂದು ಮರಿ ಕುಣೀತಾ ಎದುರಿಗೆ ಬಂದದ್ದೇ ತಡ, ಹುಳದ ಬಾಯಲ್ಲಿ! ಕಾಲು ಅಲ್ಲಾಡಲಿಲ್ಲ, ತಲೆಯೂ ಮುಂದೆ ಬರಲಿಲ್ಲ. ಮೊಬೈಲಿನ ಸ್ಲೋ ಮೋಷನ್‌ನಲ್ಲೂ ಏನೋ ಮಸುಕು ಗೆರೆ ಅಷ್ಟೇ. ಕಡ್ಡಿಯಿಂದ ಮುಟ್ಟಿದರೆ ಕಾಲು ಮಡಚಿಕೊಂಡು ಬಾಣದ ಹಾಗೆ ಹೋಗುತ್ತೆ, ಅದೂ ಅರ್ಥವಾಗಲಿಲ್ಲ.

ಪೊರೆಸಂಗ್ರಹ:
ಏರೋಪ್ಲೇನ್ ಚಿಟ್ಟೆಯ ಮರಿ ಅದು. ಹಿಡಿದದ್ದು ಕೆಳತುಟಿಯಿಂದ!

ನಾನೂ ನಂಬಿರಲಿಲ್ಲ. ಇಂಥದೇ ಮರಿ ಕಳಚಿ ಗಿಡದ ಕಡ್ಡಿಗೆ ಅಂಟಿಸಿಹೋದ ಪೊರೆಯೊಂದನ್ನು ತಂದು, ಬೆಚ್ಚಗಿನ ನೀರಲ್ಲಿ ನೆನೆಸಿ, ಗದ್ದದ ಅಡಿ ಗುಂಡುಸೂಜಿಯಿಂದ ಮೆಲ್ಲಗೆ ಮೀಟಿದೆ. ಮುಂಗಾಲುಗಳ ನಡುವೆ ಮಡಚಿಟ್ಟಿದ್ದ ತೋಳೊಂದು ಬಿಚ್ಚಿಕೊಂಡಿತು. ನಡುವೆ ಮೊಣಕೈಯಂಥ ಕೀಲು. ತುದಿ ಸೌಟಿನ ಹಾಗೆ ಗುಳಿ, ಅರ್ಧ ಮುಖ ಮುಚ್ಚುವಷ್ಟು ಅಗಲ. ಅದರ ಎರಡು ಎಸಳುಗಳ ಅಂಚು ಹಲ್ಲಿಗೆ ಹಲ್ಲು ಕೂಡಿಸಿದಂತೆ ಸೇರುತ್ತಿತ್ತು, ಒಳಗೆಲ್ಲ ಬಿರುಗೂದಲು. ಎಲ್ಲ ಜಾತಿಗೂ ಸೌಟಿಲ್ಲ, ಕೆಲವಕ್ಕೆ ಚಪ್ಪಟೆ ತುಟಿ, ತುದಿಯಲ್ಲಿ ಚೂಪು ಕೊಕ್ಕೆ.

ಹೊಟ್ಟೆಯ ನೀರಿನ ಒತ್ತಡವೇ ತುಟಿಯನ್ನು ತಳ್ಳುತ್ತದೆ ಅಂತ ಬಹಳ ಕಾಲ ಅಂದುಕೊಂಡಿದ್ದರು. 2021ರಲ್ಲಿ ಜರ್ಮನಿಯ ಕೀಲ್ ವಿಶ್ವವಿದ್ಯಾಲಯದವರು (ಕೀಲಿನ ಗುಟ್ಟು ಕೀಲ್‌ನವರಿಗೇ ಸಿಗಬೇಕೆ!) ಅದು ಕವಣೆಯ ಹಾಗೆ ಎಂದು ತೋರಿಸಿದರು. ಸ್ನಾಯು ಮೊದಲೇ ಬಿಗಿದು ಶಕ್ತಿ ಕೂಡಿಟ್ಟಿರುತ್ತೆ, ಚಿಲಕ ಜಾರಿದೊಡನೆ ತುಟಿ ಚಿಮ್ಮುತ್ತೆ.

ಇನ್ನು ಬಾಣದ ವಿಷಯ. ಇದರ ಕಿವಿರು ಇರೋದು ಗುದದ ಒಳಗೆ. ಹಿಂದಿನಿಂದ ನೀರೆಳೆದು ಉಸಿರಾಡುತ್ತೆ, ಹೆದರಿದಾಗ ಅದೇ ನೀರನ್ನು ರಭಸದಿಂದ ಹೊರಗೆ ಚಿಮ್ಮಿಸಿ ಮುಂದಕ್ಕೆ ಹಾರುತ್ತೆ.

ಮೀನುಮನೆ:
ಬಾಲದಲ್ಲಿ ಎಲೆಯಂಥ ಮೂರು ಪಟ್ಟಿ ಇರೋದು ನನ್ನ ಹತ್ತಿರ ಇದೆ. ಇದೇನಾ?

ಪೊರೆಸಂಗ್ರಹ:
ಅಲ್ಲ, ಅದು ಡ್ಯಾಮ್ಸೆಲ್‌ಫ್ಲೈ ಮರಿ, ಏರೋಪ್ಲೇನ್ ಚಿಟ್ಟೆಯ ತೆಳ್ಳನೆಯ ನೆಂಟ. ಆ ಪಟ್ಟಿಗಳೇ ಅದರ ಕಿವಿರು. ತುಟಿ ಮಾತ್ರ ಅದೇ ಥರ. ಎರಡನ್ನೂ ಮೀನುಮರಿ ಜೊತೆ ಬಿಡಬೇಡಿ.

ತಾವರೆತೊಟ್ಟಿ:
ಈಗಷ್ಟೇ ಬಾಟಲಿ ಎತ್ತಿ ಕೆಳಗಿನಿಂದ ನೋಡಿದೆ. ಗದ್ದಕ್ಕೆ ಅಂಟಿಕೊಂಡ ಸೌಟು ಇದೆ! ಇನ್ನೆಷ್ಟು ದಿನ ಸಾಕಬಹುದು?

ಪೊರೆಸಂಗ್ರಹ:
ಬೆನ್ನಿನ ರೆಕ್ಕೆಮೊಗ್ಗು ಉಬ್ಬಿ, ತಿನ್ನೋದು ಬಿಟ್ಟಿದ್ದರೆ ಹೆಚ್ಚು ದಿನ ಇಲ್ಲ, ಮೇಲೆ ಹತ್ತಿ ಪೊರೆ ಕಳಚಿ ಚಿಟ್ಟೆಯಾಗಿ ಹಾರಿಹೋಗುತ್ತೆ. ನೀರಿನಿಂದ ಮೇಲೆ ಬರೋ ಹಾಗೆ ಒರಟು ಕಡ್ಡಿ ನಿಲ್ಲಿಸಿ. ಮುಚ್ಚಳ ಬೇಡ. ಪೊರೆ ಬಿಟ್ಟರೆ ಎಸೆಯಬೇಡಿ.