ಸಹಾಯ ಬೇಕ್ರಿ: ಪೇಂಟಿಂಗ್ ಬಣ್ಣ ಬೆರಳಿಗೆ ಹತ್ತಾಕತ್ತೈತಿ

ನಮಸ್ಕಾರ್ರಿ. ನಾನು ಕೊಪ್ಪಳದಾಕಿ, ಬಿವಿಎ (ಚಿತ್ರಕಲಾ ಪದವಿ) ಕೊನೇ ವರ್ಷ, ಫೈನಲ್ ಶೋಗೆ ಸಮುದ್ರದ ಮ್ಯಾಲೆ ಮೂರು ಪೇಂಟಿಂಗ್ ಮಾಡಾಕತ್ತೀನಿ, ಒಂದೊಂದು 6 ಅಡಿ ಅಗಲ 4 ಅಡಿ ಎತ್ತರ, ಅರ್ಧ ಅಮೂರ್ತ ಅನ್ರಿ, ದೋಣಿ ತೆಂಗಿನಮರ ಏನೂ ಇಲ್ಲ, ಬರೇ ನೀರು ಮತ್ತ ಬೆಳಕು. ಸಮುದ್ರ ನೋಡಿದ್ದು ಒಮ್ಮೆ, ಕಾರವಾರದಾಗ. ಉಳಿದ ಸ್ಕೆಚ್ ಎಲ್ಲಾ ಮುನಿರಾಬಾದ್ ಕಡೆಯಿಂದ ತುಂಗಭದ್ರಾ ಹಿನ್ನೀರು ನೋಡ್ಕೊಂತ ಮಾಡಿದ್ದು (ನಗಬ್ಯಾಡ್ರಿ, ಡ್ಯಾಮ್ ತುಂಬಿ ಗಾಳಿ ಬೀಸಿದ್ರ ಅಲ್ಲೂ ತೆರಿ ಏಳ್ತಾವು).

ಈ ಬಿಸಿಲಿಗೆ ಅಕ್ರಿಲಿಕ್ (ನೀರಾಗ ಕಲಸೋ ಬಣ್ಣ) ನಾ ಬ್ರಶ್ ಎತ್ತೂದ್ರೊಳಗ ಒಣಗ್ತೈತಿ, ಆಕಾಶ ನೀರು ಕೂಡೋ ಕಡೆ ಬ್ಲೆಂಡ್ ಮಾಡಾಕ ಟೈಮೇ ಸಿಗಲ್ಲಂತ ನೀರು ಹಾಕಿ ಹಾಕಿ ತೆಳ್ಳಗ ಹಚ್ಚಿದೆ. ಈಗ ಎರಡನೇ ಕ್ಯಾನ್ವಾಸಿನ ಅಲ್ಟ್ರಾಮರೀನ್ ನೀಲಿ ಸೀಮೆಸುಣ್ಣದಂಗಾಗಿ ಬೆರಳಿಗೆ ಹತ್ತತೈತಿ. ನೀರು ಜಾಸ್ತಿಯಾದ್ರ ಬೈಂಡರ್ (ಬಣ್ಣದ ಪುಡಿ ಹಿಡಿದಿಡೋ ಅಂಟು) ಸಾಲಲ್ಲ ಅನ್ನೂದು ಕೆಟ್ಟಮ್ಯಾಲೆ ತಿಳೀತು. ಮ್ಯಾಲೆ ಮ್ಯಾಟ್ ಮೀಡಿಯಂ (ಬಣ್ಣ, ಹೊಳಪು ಇಲ್ಲದ ಅಕ್ರಿಲಿಕ್ ಅಂಟು) ಹಚ್ಚಿದ್ರ ಹಿಡ್ಕೊಳ್ತೈತೇನು, ಇಲ್ಲಾ ಒರೆಸಿ ಮತ್ತ ಹಚ್ಚಬೇಕಾ? ರಿಟಾರ್ಡರ್ (ಬಣ್ಣ ತಡವಾಗಿ ಒಣಗೂಹಂಗ ಮಾಡೋದು) ಬಳಸೋರು ಎಷ್ಟು ಹಾಕ್ತೀರಿ? ಗೆಳತಿ ಒಬ್ಬಾಕಿ ಮ್ಯಾಲೆ ಎಣ್ಣಿಬಣ್ಣ ಹಚ್ಚು ಅಂದ್ಲು, ಅಕ್ರಿಲಿಕ್ ಮ್ಯಾಲೆ ಎಣ್ಣಿ ನಡೀತೈತಿ ಖರೆ, ಆದ್ರ ಶೋಗೆ 3 ವಾರ ಐತಿ, ದಪ್ಪ ಎಣ್ಣಿ ಒಣಗೂದು ಯಾವಾಗ?

ಇನ್ನೊಂದು, ಶೋ ಕಲಬುರಗಿಯಾಗ. ಬಸ್ಸಿನಾಗ ಇವು ಹಿಡಿಯಲ್ಲ. ಫ್ರೇಮ್ ಬಿಚ್ಚಿ, ಬಣ್ಣ ಹೊರಗ ಬರೂಹಂಗ ದಪ್ಪ ಪಿವಿಸಿ ಪೈಪಿಗೆ ಸುತ್ತೂದು ಅಂದ್ಕೊಂಡೀನಿ, ಆದ್ರ ಬಿಸಿಲಿಗೆ ಮೆತ್ತಗಾಗಿ ಅಂಟಿದ್ರ ಮುಗೀತು. ನಡುವ ಬಟರ್ ಪೇಪರ್ ಸಾಕೇನ್ರಿ? ಮುಂದಿನ ವಾರ ಆ ಕಡೆ ಖಾಲಿ ಟಾಟಾ ಏಸ್ ಹೋಗೂದಿದ್ರ ಹೇಳ್ರಿ, ಡೀಸೆಲ್ ಖರ್ಚು ಕೊಡ್ತೀನಿ.